ಮಾವನ ಸ್ಟ್ಯೂ ಫೈಲು

ನನ್ನ ಸೋದರಮಾವ ಊಟ ಮಾಡುವುದಿಲ್ಲ. ಊಟವನ್ನು ಪರಿಶೀಲಿಸುತ್ತಾರೆ!

ನಂಬದಿದ್ದರೆ ಯಾವುದಾದರೂ ಭಾನುವಾರ ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಬನ್ನಿ. ಗೇಟಿನಲ್ಲಿ ನಿಮ್ಮ ಹೆಸರು, ಫೋನ್ ನಂಬರು, ಬಂದ ಕಾರಣ, ಹೋಗುವ ಹೊತ್ತು ಎಲ್ಲವನ್ನೂ ಬರೆಸಿಕೊಂಡು ಒಳಗೆ ಬಿಟ್ಟರೆ ಮಾವನ ಮನೆ ಹದಿನಾಲ್ಕನೆಯ ಮಹಡಿಯಲ್ಲಿದೆ. ತಟ್ಟೆಯ ಮುಂದೆ ಕೂತ ಮಾವ ಮೊದಲ ತುತ್ತನ್ನು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ. ಉಳಿದವರು ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತೇವೆ. ಆಮೇಲೆ ತೀರ್ಪು ಹೊರಬೀಳುತ್ತದೆ: "ಹೂಂ... ಉಪ್ಪು ಒಂದು ಕಾಳು ಮುಂದಿದೆ."

ಒಂದು ಕಾಳು! ಹತ್ತು ಜನ ಉಣ್ಣುವ ಹುಳಿಯಲ್ಲಿ ಒಂದೇ ಒಂದು ಕಾಳು ಉಪ್ಪು ಅವರ ನಾಲಗೆಗೆ ಸಿಕ್ಕಿಬೀಳುತ್ತದೆ. ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಜೀವನವಿಡೀ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ಅದಕ್ಕೇ ಬಡ್ತಿ ಪಡೆದು, ಅದಕ್ಕೇ ಹಾರ ಹಾಕಿಸಿಕೊಂಡು ನಿವೃತ್ತರಾದವರು ಅವರು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಬರುವಾಗ ಕುರ್ಚಿಯನ್ನು ಅಲ್ಲೇ ಬಿಟ್ಟರು, ಅಭ್ಯಾಸವನ್ನು ಮಾತ್ರ ಲಾರಿಗೆ ಹಾಕಿಸಿಕೊಂಡು ಬಂದರು. ಅವರ ಬಾಯಿಂದ ಅಡುಗೆಗೆ ಸಿಗುವ ಅತಿ ದೊಡ್ಡ ಹೊಗಳಿಕೆ ಏನು ಗೊತ್ತೇ? "ಆಕ್ಷೇಪಣೆ ಇಲ್ಲ." ಇದನ್ನು ನಾನು ಎರಡೇ ಸಲ ಕೇಳಿದ್ದೇನೆ. ಎರಡನೆಯ ಸಲ ಅವರಿಗೆ ನೆಗಡಿಯಾಗಿತ್ತು.

ಮನೆಯ ಪ್ರತಿಯೊಂದು ವಿಷಯಕ್ಕೂ ಅವರದೊಂದು ಫೈಲು ಇರುತ್ತದೆ. ಬಾಲ್ಕನಿಯ ಪಾರಿವಾಳಗಳದೊಂದು, ನೀರಿನ ಫಿಲ್ಟರಿನದೊಂದು. ನನ್ನ ಮದುವೆಯದೂ ಒಂದಿದೆ. ಅದರಲ್ಲಿ ನನ್ನ ಗಂಡನ ಫೋಟೋದ ಪಕ್ಕದಲ್ಲಿ 'ಎತ್ತರ ಕಡಿಮೆ, ಆದರೂ ಪರಿಗಣಿಸಬಹುದು' ಎಂದು ಬರೆದಿದ್ದಾರೆ. ಕಚೇರಿಯಲ್ಲಿ ಇಂಗ್ಲಿಷು ಹಿಂದಿ ಬರೆದು ಬೇಸತ್ತ ಅವರು ಮನೆಯ ಫೈಲನ್ನು ಮಾತ್ರ ಕನ್ನಡದಲ್ಲೇ ಬರೆಯುತ್ತಾರೆ. ಕನ್ನಡಾಭಿಮಾನಿಗಳು ಸಂತೋಷಪಡಬಹುದು!

ಇಂಥವರ ಜೊತೆ ಮೂವತ್ತೆಂಟು ವರ್ಷ ಬಾಳಿದವರು ನಮ್ಮ ಅತ್ತೆ. ಉಪ್ಪು ಮುಂದಿದೆ ಎಂದರೆ ನಿಂಬೆಹಣ್ಣು ತಂದಿಡುತ್ತಿದ್ದರು, ಹಿಂದಿದೆ ಎಂದರೆ ಉಪ್ಪಿನ ಡಬ್ಬಿ. ಮಾತಿಲ್ಲ, ಕತೆಯಿಲ್ಲ. ಅವರಿಗೆ ಸಿಟ್ಟೇ ಬರುವುದಿಲ್ಲ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ನಮ್ಮಷ್ಟು ದಡ್ಡರು ಬೇರೆ ಇಲ್ಲ ಬಿಡಿ.

ಈ ಚಳಿಗಾಲದ ಶುರುವಿನಲ್ಲಿ ಅತ್ತೆ ಸೊಸೈಟಿಯ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರು ಹಾಕಿದರು. ಎರಡು ದಿನ ನಮ್ಮ ಮನೆಯಿಂದ ಊಟ ಹೋಯಿತು. ಎರಡೂ ದಿನ ಅದರ ಬಗ್ಗೆ ಮಾವನ ಟಿಪ್ಪಣಿ ವಾಟ್ಸಾಪಿನಲ್ಲಿ ವಾಪಸು ಬಂತು. ಮೂರನೆಯ ದಿನ ಅತ್ತೆ, ಪಾಪ, ನಮಗೆ ತೊಂದರೆ ಯಾಕೆಂದು ಎಡಗೈಯಲ್ಲೇ ಸೌಟು ಹಿಡಿದು ಒಂದು ಸಾರು ಕುದಿಸಿದರು. ಮಾವ ಕಣ್ಣು ಮುಚ್ಚಿದರು. ಕಣ್ಣು ತೆರೆದರು. "ಒಗ್ಗರಣೆ ಒಂಚೂರು ಸೀದಿದೆ" ಎಂದರು.

ಅತ್ತೆ ನಿಂಬೆಹಣ್ಣು ತರಲಿಲ್ಲ. ಗ್ಯಾಸ್ ಆರಿಸಿ, ಸಾರನ್ನು ಸಿಂಕಿಗೆ ಸುರಿದು, ಗ್ರೇಟರ್ ನೋಯ್ಡಾದಲ್ಲಿರುವ ಮಗಳು ವಿನುತಾಳಿಗೆ ಫೋನ್ ಮಾಡಿದರು. "ಬಂದು ಕರ್ಕೊಂಡು ಹೋಗು."

ಹೊರಡುವಾಗ ನಾನು ಅಲ್ಲೇ ಇದ್ದೆ. ಅತ್ತೆ ಬಾಗಿಲಲ್ಲಿ ನಿಂತು, ಮಾವನ ಕಡೆ ನೋಡದೆ, ನನಗೆ ಹೇಳಿದರು: "ನಿಮ್ಮ ಮಾವನಿಗೆ ಹೇಳು. ಅವರೇ, ಅವರ ಕೈಯಾರೆ, ಒಂದು ಹೊತ್ತಿನ ಅಡುಗೆ ಮಾಡಿ ನನಗೆ ಬಡಿಸ್ಲಿ. ಬರೋ ಭಾನುವಾರ ಮಧ್ಯಾಹ್ನ ಬರ್ತೀನಿ. ತಿಂದು ನೋಡಿ, ಈ ಮನೇಗೆ ವಾಪಸ್ ಬರೋದೋ ಬೇಡ್ವೋ ಅಂತ ಆಮೇಲೆ ಹೇಳ್ತೀನಿ."

ದೆಹಲಿಯಲ್ಲೇ ಬೆಳೆದ ವಿನುತಾ ಲಿಫ್ಟಿನ ಗುಂಡಿ ಒತ್ತುತ್ತ ಸೇರಿಸಿದಳು: "ಅಪ್ಪಾ, ಆಪ್ ಟೆನ್ಶನ್ ಮತ್ ಲೋ. ಅಮ್ಮಂಗೆ ನಮ್ಮನೇಲಿ ರೂಮ್ ರೆಡಿ ಇದೆ. ಪರ್ಮನೆಂಟ್!"

ಅವಳಿಗೆ ಬಲು ಖುಷಿ. ಅಮ್ಮನನ್ನು ಇಟ್ಟುಕೊಳ್ಳಬೇಕೆಂದು ವರ್ಷಗಳಿಂದ ಕೇಳುತ್ತಿದ್ದವಳು ಅವಳು. ಮಾವನ ಮುಖ ಮಾತ್ರ ನೋಡುವಂತಿರಲಿಲ್ಲ.

ಎರಡು ದಿನ ಕಳೆದ ಮೇಲೆ ಮಾವ ನನ್ನನ್ನು ಕರೆಸಿದರು. ಹೋಗಿ ನೋಡುತ್ತೇನೆ, ಮೇಜಿನ ಮೇಲೆ ಹೊಸ ಫೈಲು! ಕೆಂಪು ಟ್ಯಾಗು ಕಟ್ಟಿ, ಮೇಲೆ ದಪ್ಪ ಅಕ್ಷರದಲ್ಲಿ 'ಐರಿಷ್ ಸ್ಟ್ಯೂ (ಸಂಪೂರ್ಣ ಸಸ್ಯಜನ್ಯ)' ಎಂದು ಬರೆದಿತ್ತು.

"ಮಾವ, ಇದೇನಿದು? ಒಂದು ಅನ್ನ, ಒಂದು ತಿಳಿಸಾರು ಮಾಡಿದ್ರೆ ಸಾಕಲ್ವಾ?"

"ದಡ್ಡಿ! ಸಾರಿಗೆ ನಿಮ್ಮತ್ತೆಯ ಮೂವತ್ತೆಂಟು ವರ್ಷದ ಪೂರ್ವನಿದರ್ಶನ ಇದೆ. ಅದರ ಪಕ್ಕ ನನ್ನ ಸಾರು ಇಟ್ರೆ ಏನಾಗತ್ತೆ? ಐರಿಷ್ ಸ್ಟ್ಯೂನ ಅವಳು ಮಾಡೂ ಇಲ್ಲ, ತಿಂದೂ ಇಲ್ಲ. ಹೋಲಿಸೋಕೇ ಏನೂ ಇಲ್ಲ!"

ಎಂಥ ತಲೆ ನೋಡಿ! ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಈ ಮನುಷ್ಯ ಆಡಿಟ್ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದಾರೆ.

ಐರ್ಲೆಂಡಿನ ಹುಚ್ಚು ಅವರಿಗೆ ಹಳೆಯದು. ಬಹಳ ಹಿಂದೆ ಸರ್ಕಾರದ ಯಾವುದೋ ತರಬೇತಿಗೆಂದು ಐದು ದಿನ ಡಬ್ಲಿನ್ನಿಗೆ ಹೋಗಿದ್ದರು. ಐದು ದಿನದ ಆ ಕತೆಯನ್ನು ನಾವು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇವೆ. ಅಲ್ಲಿ ಉಳಿದವರೆಲ್ಲ ಬಿಸಿಬಿಸಿ ಸ್ಟ್ಯೂ, ಅಂದರೆ ಅಲ್ಲಿಯವರ ಗಟ್ಟಿ ಸಾರು, ಕುಡಿಯುವಾಗ ಇವರು ಅತ್ತೆ ಕಟ್ಟಿಕೊಟ್ಟ ಹುರಿದ ಅವಲಕ್ಕಿ ತಿನ್ನುತ್ತ ಅದರ ವಾಸನೆ ಮಾತ್ರ ನೋಡಿದ್ದರಂತೆ. ವಾಸನೆ ನೋಡಿದ ಅಡುಗೆಯ ಬಗ್ಗೆ ಇಷ್ಟು ಅಧಿಕಾರದಿಂದ ಮಾತಾಡುವವರು ಇವರೊಬ್ಬರೇ.

"ಮಾವ, ಅದಕ್ಕೆ ಕುರಿಮಾಂಸ ಹಾಕ್ತಾರೆ."

"ತೆಗೆದುಹಾಕಿದೆ. ಬದಲಿಗೆ ಅಣಬೆ ಮತ್ತು ಬಾರ್ಲಿ. ಎರಡನೇ ಪುಟ ನೋಡು."

"ಸರಿ, ಬೆಣ್ಣೆ?"

"ಅದನ್ನೂ ತೆಗೆದುಹಾಕಿದೆ. ಹಾಲು, ಮೊಸರು, ಕೆನೆ, ತುಪ್ಪ, ಯಾವುದೂ ಇಲ್ಲ. ವೀಗನ್."

ನಾನು ಬಿದ್ದು ಬಿದ್ದು ನಕ್ಕೆ. ತುಪ್ಪದ ಒಗ್ಗರಣೆಯಿಲ್ಲದ ಹುಳಿಯನ್ನು ಮುಟ್ಟದವರು, ಮೊಸರಿಲ್ಲದ ಊಟಕ್ಕೆ ಊಟವೆಂದೇ ಕರೆಯದವರು, ಈಗ ವೀಗನ್! ಬೆಳಗ್ಗೆ ಪಾರ್ಕಿನಲ್ಲಿ ಯೋಗ ಮಾಡುವ ಹುಡುಗರು ಯಾರೋ ತಲೆ ತುಂಬಿರಬೇಕು ಎಂದುಕೊಂಡೆ. ಯಾಕೆ ಎಂದು ಕೇಳಿದರೆ ಸಿಕ್ಕ ಉತ್ತರ: "ನೀತಿ ನಿರ್ಧಾರ. ಕಾರಣ ಕೊಡಬೇಕಾಗಿಲ್ಲ." ಫೈಲಿನ ಮೊದಲ ಪುಟವನ್ನು ತೆಗೆಯಹೋದ ನನ್ನ ಕೈಯನ್ನು ತಳ್ಳಿ, "ಅದು ಗೋಪ್ಯ" ಎಂದರು. ಸ್ಟ್ಯೂನಲ್ಲಿ ಎಂಥ ಗೋಪ್ಯ, ಹೇಳಿ!

ಮರುದಿನ ತರಕಾರಿಗೆ ಹೊರಟೆವು. ಪಾಕವಿಧಾನದಲ್ಲಿ ಪಾರ್ಸ್ನಿಪ್ ಎಂಬ ಬಿಳಿ ಗಡ್ಡೆ ಬರೆದಿತ್ತು. ಗಾಡಿಯವನು ಹುಟ್ಟಿದಾಗಿನಿಂದ ಆ ಹೆಸರು ಕೇಳಿರಲಿಲ್ಲ. ಮಾವನ ಹಿಂದಿ ಪೂರ್ತಿ ಸುತ್ತೋಲೆಗಳಿಂದ ಕಲಿತದ್ದು. "ಭಯ್ಯಾ, ಅನುಪಲಬ್ಧತಾ ಕೀ ಸ್ಥಿತಿ ಮೇಂ ಇಸ್ಕೇ ಸಮಕಕ್ಷ್ ಕ್ಯಾ ಹೈ?" ಎಂದು ಕೇಳಿದರು. ಸಿಗದಿದ್ದಲ್ಲಿ ಅದಕ್ಕೆ ಸಮಾನವಾದದ್ದು ಏನಿದೆ ಎಂದರ್ಥ. ಗಾಡಿಯವನು ಹೆದರಿ ಕೈ ಮುಗಿದ. ಮುನಿಸಿಪಾಲಿಟಿಯವರು ಗಾಡಿ ಎತ್ತಿಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡನಂತೆ! ನಾನು ನಡುವೆ ಬಂದು, "ಭಯ್ಯಾ, ಶಲ್ಗಮ್ ದೇ ದೋ" ಎಂದು ಎರಡು ಟರ್ನಿಪ್ ಕೊಡಿಸಿ ಕರೆದುಕೊಂಡು ಬಂದೆ. ಥೈಮ್ ಎಂಬ ಸೊಪ್ಪಿಗೆ ಬದಲಾಗಿ ಅತ್ತೆಯ ಕುಂಡದ ದೊಡ್ಡಪತ್ರೆಗೆ ಮಂಜೂರಾತಿ ಸಿಕ್ಕಿತು.

ಆದರೆ ಮುಂದಿನ ಸಾಲು ಇನ್ನೂ ಭಯಂಕರ: ಒಂದು ಲೋಟ ಕಪ್ಪು ಬಿಯರು!

ಜೀವನದಲ್ಲಿ ಶುಂಠಿ ಕಷಾಯಕ್ಕಿಂತ ಕಟುವಾದದ್ದನ್ನು ಕುಡಿಯದ ಮಾವ ಮಂಕಿ ಕ್ಯಾಪು ಎಳೆದು, ಹೊಗೆ ಮಂಜಿನ ನೆಪದಲ್ಲಿ ಮಾಸ್ಕು ಹಾಕಿ, ಬಟ್ಟೆಯ ಚೀಲ ಹಿಡಿದು 'ಅಂಗ್ರೇಜೀ ಶರಾಬ್ ಕೀ ದುಕಾನ್' ಎಂಬ ಬೋರ್ಡಿನ ಕೆಳಗೆ ಸರತಿಯಲ್ಲಿ ನಿಂತರು. ನಾನು ಸ್ವಲ್ಪ ದೂರದಲ್ಲಿ, ಪರಿಚಯವೇ ಇಲ್ಲದವಳಂತೆ ನಿಂತೆ. ಕೆಲವು ಬಿಯರುಗಳನ್ನು ತಿಳಿ ಮಾಡಲು ಮೀನಿನ ಅಂಶ ಬಳಸುತ್ತಾರೆಂದು ಮಾವ ಎಲ್ಲೋ ಓದಿಬಿಟ್ಟಿದ್ದರು. ಅವರ ಸರದಿ ಬಂದಾಗ ಕಬ್ಬಿಣದ ಸರಳಿಗೆ ಮುಖ ಒತ್ತಿ ಗಂಭೀರವಾಗಿ ಕೇಳಿದರು: "ಭಯ್ಯಾ, ಇಸ್ಮೇಂ ಮಛಲೀ ತೋ ನಹೀಂ ಹೈ?"

ಅಂಗಡಿಯವನು ಪಕ್ಕದ ಮೀನಂಗಡಿಗೆ ಕೈ ತೋರಿಸಿದ. "ಮಛಲೀ ಬಗಲ್ ವಾಲೀ ದುಕಾನ್ ಪೇ, ಅಂಕಲ್. ಫ್ರೈ ಕರ್ಕೇ ಭೀ ದೇತಾ ಹೈ."

ಮಾವ ಗಾಬರಿಯಿಂದ ಹಿಂದೆ ತಿರುಗಿದರೆ, ಅಲ್ಲಿ ಮಫ್ಲರು ಸುತ್ತಿಕೊಂಡು ನಿಂತವರು ನಮ್ಮ ಸೊಸೈಟಿಯ ಭಜನಾ ಮಂಡಳಿಯ ಕಾರ್ಯದರ್ಶಿ!

"ದವಾಯೀ ಕೇ ಲಿಯೇ," ಔಷಧಿಗೆಂದು ಮಾವ ತೊದಲಿದರು.

"ಹಾಂ ಜೀ, ಹಾಂ ಜೀ" ಎಂದರು ಕಾರ್ಯದರ್ಶಿ. "ಮೇರೀ ಭೀ ದವಾಯೀ."

ಬಿಯರು ರದ್ದಾಯಿತು. ಕಪ್ಪು ಬಣ್ಣಕ್ಕೂ ಕಹಿಗೂ ಅತ್ತೆಯ ಫಿಲ್ಟರಿನ ಕಾಫಿ ಡಿಕಾಕ್ಷನ್ ಒಂದು ಚಮಚ ಸಾಕೆಂದು ನಾನೇ ಸಲಹೆ ಕೊಟ್ಟೆ.

ಗುರುವಾರ ಪ್ರಯೋಗ. ಅಡುಗೆಮನೆಯಲ್ಲಿ ಮಾವನನ್ನು ನೋಡಬೇಕಿತ್ತು ನೀವು! ಎಡಗಡೆಯ ಗುಂಡಿ ತಿರುಗಿಸಿ ಬಲಗಡೆಯ ಬರ್ನರಿಗೆ ಲೈಟರು ಹಿಡಿದು, "ಗ್ಯಾಸ್ ಮುಗಿದಿದೆ" ಎಂದು ಘೋಷಿಸಿದರು. ಒಂದಂಗುಲದ ತುಂಡು ಎಂದು ಬರೆದಿದ್ದಕ್ಕೆ ಗಜ್ಜರಿಯ ಪಕ್ಕ ಸ್ಕೇಲು ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರು. ಆಲೂಗಡ್ಡೆಯ ಸಿಪ್ಪೆ ತೆಗೆದ ಮೇಲೆ ಕಸದಬುಟ್ಟಿಗೇ ಹೆಚ್ಚು ಆಲೂಗಡ್ಡೆ ಹೋಗಿತ್ತು. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಸುರಿಸುತ್ತ, "ಇವಳು ದಿನಾ ಇದನ್ನ ಹೆಚ್ತಾಳಾ?" ಎಂದರು. ದಿನಾ ಈರುಳ್ಳಿ ಹುಳಿ ಬೇಕೆನ್ನುತ್ತಿದ್ದವರು ಯಾರಂತೆ?

ಎಲ್ಲವನ್ನೂ ಕುಕ್ಕರಿಗೆ ತುಂಬಿ, ಸೀಟಿ ಎಷ್ಟೆಂದು ಬರೆದಿಲ್ಲವಲ್ಲ ಎಂದು ಫೈಲು ತಿರುವುವಷ್ಟರಲ್ಲಿ ಅದು ಒಂಬತ್ತು ಸಲ ಕೂಗಿತ್ತು. ಮುಚ್ಚಳ ತೆಗೆದರೆ ಒಳಗೆ ಕಂದು ಬಣ್ಣದ ಅಂಟು ಮಾತ್ರ ಉಳಿದಿತ್ತು. ಗೋಡೆಗೆ ಪೋಸ್ಟರು ಅಂಟಿಸಬಹುದಿತ್ತು.

ಮಾವ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಅದ್ಭುತ!" ಎಂದರು.

ಹೌದು ಸ್ವಾಮಿ, ನನ್ನ ಕಿವಿಯಾರೆ ಕೇಳಿದೆ! ಮೂವತ್ತೆಂಟು ವರ್ಷ ಅತ್ತೆಗೆ ಸಿಗದ ಮಾತು ಅಂಟಿಗೆ ಸಿಕ್ಕಿತು. ನಾನೂ ಒಂದು ಚಮಚ ತಿಂದೆ. ತಡೆಯಲಾಗಲಿಲ್ಲ.

"ಮಾವ, ಉಪ್ಪೇ ಹಾಕಿಲ್ಲ. ಅಣಬೆ ಸೀದಿದೆ. ಬಾರ್ಲಿ ತಳ ಹಿಡಿದಿದೆ."

ಮಾವನ ಮುಖ ಸಣ್ಣದಾಯಿತು. ಚಮಚ ಕೆಳಗಿಟ್ಟು ಬಾಲ್ಕನಿಗೆ ಹೋಗಿ ಪಾರಿವಾಳಗಳಿಗೆ ಬೆನ್ನು ಮಾಡಿ ಕೂತರು. ಅಲ್ಲಿಂದಲೇ, "ಬೆಳಗ್ಗೆಯಿಂದ ನಿಂತು ಮಾಡಿದೀನಿ. ಬಾಯಿಗೆ ಹಾಕ್ಕೊಂಡ ತಕ್ಷಣ ಹೇಳ್ಬೇಕಿತ್ತಾ?" ಎಂದರು.

"ನಿಮ್ಮಿಂದಾನೇ ಕಲಿತದ್ದು, ಮಾವ" ಎಂದೆ. ಒಳ್ಳೇ ಏಟು ಕೊಟ್ಟೆನೆಂದು ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಮಾವ ಎದ್ದು ಹೋಗಿ ಕುಕ್ಕರನ್ನು ತಾವೇ ಉಜ್ಜತೊಡಗಿದರು.

ಶುಕ್ರವಾರ ಮತ್ತೆ ಮಾಡಿದರು. ಶನಿವಾರ ಮತ್ತೆ. ಕುಕ್ಕರು ಬಿಟ್ಟು ದಪ್ಪ ತಳದ ಪಾತ್ರೆ ಹಿಡಿದರು. ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಬಾಡಿಸುವುದು, ಅಣಬೆಯನ್ನು ಬೇರೆಯಾಗಿ ಹುರಿಯುವುದು, ಗಟ್ಟಿಯಾಗಲೆಂದು ನಾಲ್ಕು ಆಲೂಗಡ್ಡೆ ತುಂಡನ್ನು ಸೌಟಿನ ಬೆನ್ನಲ್ಲಿ ಮಸೆಯುವುದು, ಎಲ್ಲ ಕಲಿತರು. ಸಣ್ಣ ಉರಿಯಲ್ಲಿ ಕುದಿಯುವಾಗ ಕುರ್ಚಿ ಹಾಕಿಕೊಂಡು ಒಲೆಯ ಪಕ್ಕದಲ್ಲೇ ಕಾವಲು ಕೂತರು. ಶನಿವಾರ ಸಂಜೆ ಅತ್ತೆಗೆ ವಾಟ್ಸಾಪಿನಲ್ಲಿ ಒಂದು ಆಮಂತ್ರಣ ಕಳಿಸಿದರು: 'ತಾವು ದಯಮಾಡಿ ನಾಳೆ ಮಧ್ಯಾಹ್ನ ಹಾಜರಾಗಲು ಅನುಕೂಲ ಮಾಡಿಕೊಳ್ಳಬೇಕೆಂದು ಕೋರಲಾಗಿದೆ.' ಕಟ್ಟಿಕೊಂಡ ಹೆಂಡತಿಗೆ! ಅತ್ತೆಯಿಂದ ಬಂದ ಉತ್ತರ ಒಂದೇ ಪದ: 'ನೋಡೋಣ.' ಅದನ್ನು ಮಾವ ನನಗೆ ನಾಲ್ಕು ಸಲ ತೋರಿಸಿ, "ನೋಡೋಣ ಅಂದ್ರೆ ಬರ್ತಾಳೆ ಅಂತ ತಾನೆ?" ಎಂದು ಕೇಳಿದರು.

ಭಾನುವಾರ ಅತ್ತೆ ಬಂದರು. ವಿನುತಾ ಕಾರು ನಿಲ್ಲಿಸಿ ಹಿಂದೆಯೇ ಬಂದಳು. ನಾನು ಮೊದಲು ನೋಡಿದ್ದು ಕೈಗಳನ್ನು. ಒಂದು ಕೈಯಲ್ಲಿ ಪ್ಲಾಸ್ಟರು, ಇನ್ನೊಂದು ಖಾಲಿ. ಬಟ್ಟೆಯ ಪೆಟ್ಟಿಗೆ ಗ್ರೇಟರ್ ನೋಯ್ಡಾದಲ್ಲೇ ಉಳಿದಿತ್ತು. ಮಾವನೂ ಅದನ್ನೇ ನೋಡಿದರು.

"ಬಾ, ಕೂತ್ಕೋ" ಎಂದು ಮಾವ ಕುರ್ಚಿ ಎಳೆದರು. ಅದು ಅವರದೇ ಕುರ್ಚಿ, ಪರಿಶೀಲನೆಯ ಕುರ್ಚಿ. ಅತ್ತೆ ಒಂದು ಕ್ಷಣ ಹಿಂದೆಮುಂದೆ ನೋಡಿ ಕೂತರು. ಮಾವ ಬಟ್ಟಲು ತರಲು ಒಳಗೆ ಹೋದಾಗ ಮೇಜಿನ ಮೂಲೆಯಲ್ಲಿದ್ದ ಫೈಲನ್ನು ಜಾಗ ಮಾಡಲೆಂದು ನಾನು ಎತ್ತಿದೆ. ಟ್ಯಾಗು ಸಡಿಲವಾಗಿತ್ತು. ಗೋಪ್ಯವೆಂದಿದ್ದ ಮೊದಲ ಪುಟ ತೆರೆದುಕೊಂಡಿತು. ಓದಬಾರದಿತ್ತು. ಓದಿದೆ.

'ವಿಷಯ: ಭಾನುವಾರದ ಅಡುಗೆ.

ಒಂದು. ಆಕೆಯ ಬಲಗೈ ಪ್ಲಾಸ್ಟರಿನಲ್ಲಿದೆ. ಎಡಗೈಯಲ್ಲಿ ಅನ್ನ ಕಲಸಿ ತಿನ್ನಲು ಆಕೆಗೆ ಮನಸ್ಸು ಒಪ್ಪುವುದಿಲ್ಲ. ಚಮಚವಾದರೆ ಹಿಡಿಯುತ್ತಾಳೆ. ಆದ್ದರಿಂದ ಚಮಚದಲ್ಲಿ ತಿನ್ನುವಂಥದೇ ಆಗಬೇಕು.

ಎರಡು. ಉಪ್ಪಿನ ಡಬ್ಬಿ ಹುಡುಕುವಾಗ ಕಪಾಟಿನ ಹಿಂದುಗಡೆ ಒಂದು ಸಣ್ಣ ಪಾತ್ರೆ ಸಿಕ್ಕಿತು. ಅದರೊಳಗೆ ಡಾಕ್ಟರ ಚೀಟಿ. ಹಾಲು, ಮೊಸರು, ಬೆಣ್ಣೆ, ತುಪ್ಪ ಆಕೆಗೆ ಕೂಡದು ಎಂದಿದೆ. ಚೀಟಿಗೆ ಎಂಟು ವರ್ಷವಾಗಿದೆ. ವಿನುತಾಳನ್ನು ಕೇಳಿದೆ. ನನ್ನ ತುಪ್ಪದ ಒಗ್ಗರಣೆ ಹಾಕುವ ಮೊದಲು ತನ್ನ ಪಾಲನ್ನು ಆ ಪಾತ್ರೆಗೆ ತೆಗೆದಿಟ್ಟು, ಎಲ್ಲರದೂ ಆದ ಮೇಲೆ ತಿನ್ನುತ್ತಿದ್ದಳಂತೆ. ಉಪ್ಪಿನ ಕಾಳು ಕಂಡ ನನಗೆ ಇದು ಕಾಣಲಿಲ್ಲ.

ಮೂರು. ಇನ್ನು ಮುಂದೆ ಒಂದೇ ಪಾತ್ರೆ.'

ಪುಟ ಮುಚ್ಚಿದೆ. ನನಗೆ ನಾಚಿಕೆಯಾಯಿತು. ಎಂಟು ವರ್ಷವೂ ದೀಪಾವಳಿಗೆ ಅತ್ತೆಯ ಕೈಗೆ ಹಾಲಿನ ಪೇಡದ ಡಬ್ಬಿ ಇಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದವಳು ನಾನು. ಅತ್ತೆ ಕಪ್ಪು ಕಾಫಿ ಕುಡಿಯುವುದನ್ನು ನೋಡಿ, 'ಅತ್ತೆ ಎಷ್ಟು ಸ್ಟೈಲು!' ಎಂದು ನಕ್ಕವಳೂ ನಾನೇ. ಮಾವನನ್ನು ಒಂದು ವಾರದಿಂದ ಆಡಿಕೊಂಡೆನಲ್ಲ, ನನ್ನ ಫೈಲನ್ನು ಯಾರು ತೆರೆಯಬೇಕು?

ಮಾವ ಬಟ್ಟಲು ತಂದಿಟ್ಟರು. ಆವಿಯಲ್ಲಿ ದೊಡ್ಡಪತ್ರೆಯ ಪರಿಮಳ ಬರುತ್ತಿತ್ತು. "ಹಾಲು ಬೆಣ್ಣೆ ಯಾವುದೂ ಹಾಕಿಲ್ಲ" ಎಂದರು, ನೆಲ ನೋಡುತ್ತ.

ಅತ್ತೆ ತಲೆಯೆತ್ತಿ ಅವರನ್ನು ನೋಡಿದರು. ಎಡಗೈಯಲ್ಲಿ ಚಮಚ ಹಿಡಿದು ಒಂದು ಗುಟುಕು ಬಾಯಿಗಿಟ್ಟುಕೊಂಡು, ದೇವರಾಣೆ, ಕಣ್ಣು ಮುಚ್ಚಿದರು! ಮಾವ ಸೌಟು ಹಿಡಿದು ನಿಂತೇ ಇದ್ದರು.

"ಹೂಂ" ಎಂದರು ಅತ್ತೆ. "ಉಪ್ಪು ಒಂದು ಕಾಳು ಮುಂದಿದೆ."

ಮಾವ ಲಗುಬಗೆಯಿಂದ ಅಡುಗೆಮನೆಗೆ ಓಡಿ ಒಂದು ನಿಂಬೆಹಣ್ಣು ಹೆಚ್ಚಿಕೊಂಡು ಬಂದು ಬಟ್ಟಲಿನ ಪಕ್ಕದಲ್ಲಿಟ್ಟರು. ಅತ್ತೆಯ ತುಟಿಯಂಚಿನಲ್ಲಿ ನಗು ಕಾಣಿಸಿತು. ನಿಂಬೆ ಹಿಂಡಿಕೊಂಡು, ಬಟ್ಟಲು ಪೂರ್ತಿ ಖಾಲಿ ಮಾಡಿ, ಮುಂದಕ್ಕೆ ಚಾಚಿದರು. "ಇನ್ನೊಂದು ಸೌಟು ಹಾಕಿ."

ಆಮೇಲೆ ಮಗಳ ಕಡೆ ತಿರುಗಿ, "ವಿನೂ, ಸಂಜೆ ನೀನೊಬ್ಳೇ ಹೊರಡು. ನನ್ನ ಪೆಟ್ಟಿಗೆ ನಾಳೆ ತಂದ್ಕೊಡು" ಎಂದರು.

"ಅರೇ ಅಮ್ಮಾ!" ಎಂದಳು ವಿನುತಾ. ಆದರೆ ಅಪ್ಪನ ಮುಖ ನೋಡಿ, "ಚಲೋ, ಠೀಕ್ ಹೈ" ಎಂದು ಸುಮ್ಮನಾದಳು.

ಮಾವ ಇನ್ನೂ ನಿಂತೇ ಇದ್ದರು. ನನಗೆ ಬಡಿಸಿದರು, ವಿನುತಾಳಿಗೆ ಬಡಿಸಿದರು, ಮತ್ತೆ ಅತ್ತೆಯ ಬಟ್ಟಲ ಕಡೆ ನೋಡಿದರು. ಮಾವನ ಬಟ್ಟಲು ಮೇಜಿನ ಆ ತುದಿಯಲ್ಲಿ, ಮೊದಲೇ ಬಡಿಸಿಟ್ಟದ್ದು, ಹಾಗೇ ಇತ್ತು.

"ಸಾಕು, ನೀವೂ ಕೂತ್ಕೊಳ್ಳಿ" ಎಂದರು ಅತ್ತೆ. "ಎಲ್ಲರಿಗೂ ಬಡಿಸೋ ಹೊತ್ತಿಗೆ ನಮ್ಮದು ಆರಿಹೋಗಿರತ್ತೆ. ನನಗೆ ಗೊತ್ತು."

ಮಾವ ಕೂತರು. ಒಂದು ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದರು. ಸ್ಟ್ಯೂ ಪೂರ್ತಿ ಆರಿಹೋಗಿತ್ತು. ಅವರು ಏನೂ ಹೇಳದೆ ಅದನ್ನು ಕೊನೆಯ ಹನಿಯವರೆಗೆ ತಿಂದರು.